ಕೃಷಿ ಹೊಂಡದಲ್ಲಿ ಬೆಳ್ಳುಳ್ಳಿ ವಾಸನೆಯ ಒರಟು ಪಾಚಿ: ಇದು ಯಾವುದು?

ಹೊಂಡದ ಮನೆ (ಪ್ರಶ್ನೆ):

ಶಿರಾ ತಾಲ್ಲೂಕಿನಲ್ಲಿ ನಮ್ಮದು ನಾಲ್ಕು ಎಕರೆ. ಎರಡು ವರ್ಷದ ಹಿಂದೆ ಕೃಷಿ ಹೊಂಡ ತೆಗೆಸಿದೆ. ಮಳೆನೀರು ಸಾಲದೆ ಕೊಳವೆಬಾವಿಯ ನೀರನ್ನೂ ಅದಕ್ಕೇ ಬಿಡುತ್ತೇನೆ. ಬಲು ಗಡಸು ನೀರು. ಬಚ್ಚಲ ಹಂಡೆಯೊಳಗೆ ಸುಣ್ಣದ ಪದರ ಕಟ್ಟುತ್ತದೆ. ದೀಪಾವಳಿಯ ಹೊತ್ತಿಗೆ ಹೊಂಡದ ತಳದ ಹೂಳಿನ ಮೇಲೆಲ್ಲ ಹಸಿರು ಹಾಸು ಎದ್ದಿದೆ. ಗಂಟು ಗಂಟಿಗೂ ಸುತ್ತ ಆರೆಂಟು ಸಣ್ಣ ಕಡ್ಡಿಗಳು, ಛತ್ರಿಯ ಕಡ್ಡಿಗಳ ಹಾಗೆ. ಬೆರಳಾಡಿಸಿದರೆ ಮರಳು ಸವರಿದಂತೆ ಒರಟು, ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ, ಹಿಸುಕಿದರೆ ಹಳಸಿದ ಬೆಳ್ಳುಳ್ಳಿಯ ವಾಸನೆ. ಫುಟ್‌ವಾಲ್ವಿನ ಜಾಲರಿಗೆ ಸುತ್ತಿಕೊಂಡು ಮೋಟಾರು ನೀರೆತ್ತುವುದೇ ಕಷ್ಟವಾಗಿದೆ. ಕಡ್ಡಿಗಳ ಮೇಲೆ ಸಾಸಿವೆಗಿಂತ ಚಿಕ್ಕ ಕಿತ್ತಳೆ ಚುಕ್ಕೆಗಳಿವೆ. ಹುಳುವಿನ ಮೊಟ್ಟೆ ಎನ್ನುತ್ತಾರೆ ಅಮ್ಮ, ರೋಗ ಎನ್ನುತ್ತಾರೆ ಔಷಧದ ಅಂಗಡಿಯವರು. ಕಾಟ್ಲಾ ಮರಿ ಬಿಟ್ಟಿದ್ದೇನೆ, ಅದಕ್ಕೇ ಭಯ. ಬಲ್ಲವರು ಹೇಳಿ.

ಕೆರೆ ಗುತ್ತಿಗೆ:

ಹೈಡ್ರಿಲ್ಲಾ ಇರಬೇಕು. ಮೈಲುತುತ್ತ ಕರಗಿಸಿ ಎರಚಿ. ನಾಲ್ಕು ದಿನದಲ್ಲಿ ಮಾಯ.

ಹಳೆಯ ಮೇಷ್ಟ್ರು:

ಮೈಲುತುತ್ತದ ಡಬ್ಬಿಯನ್ನು ಮೊದಲು ಕೆಳಗಿಡಿ. ಪಾಚಿ ಅದರಿಂದ ಸಾಯುವುದು ನಿಜ. ಆದರೆ ಅಷ್ಟು ದೊಡ್ಡ ಹಾಸು ಒಮ್ಮೆಗೇ ಸತ್ತು ಕೊಳೆಯತೊಡಗಿದರೆ ನೀರಿನ ಆಮ್ಲಜನಕವೆಲ್ಲ ಅದಕ್ಕೇ ಖರ್ಚಾಗಿ, ಬೆಳಗಿನ ಜಾವ ನಿಮ್ಮ ಕಾಟ್ಲಾ ಮರಿಗಳು ಹೊಟ್ಟೆ ಮೇಲಾಗಿ ತೇಲುತ್ತವೆ. ಮೇಲಿನವರು ಬೇಸರಿಸಬಾರದು, ಇದು ಹೈಡ್ರಿಲ್ಲಾ ಅಲ್ಲ. ಹೈಡ್ರಿಲ್ಲಾ ಹೂ ಬಿಡುವ ಗಿಡ; ಬಗ್ಗಿಸಿದರೆ ಬಾಗುತ್ತದೆ, ಬೆಳ್ಳುಳ್ಳಿ ನಾರುವುದಿಲ್ಲ.

ನಿಮ್ಮ ಹೊಂಡದಲ್ಲಿರುವುದು ಕಾರಾ ಎಂಬ ಪಾಚಿ. ಮೆಣಸಿನಕಾಯಿಯ ಖಾರವಲ್ಲ, 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಹೆಸರು. ಮೂವತ್ತು ವರ್ಷ ಪದವಿ ತರಗತಿಯ ಪ್ರಾಯೋಗಿಕ ಪರೀಕ್ಷೆಗೆ ಇದನ್ನೇ ಸ್ಪಾಟರ್ ಆಗಿ, ಅಂದರೆ ನೋಡಿ ಗುರುತಿಸಬೇಕಾದ ಮಾದರಿಯಾಗಿ, ಇಟ್ಟಿದ್ದೇನೆ. ಆ ಕಿತ್ತಳೆ ಚುಕ್ಕೆ ರೋಗವೂ ಅಲ್ಲ, ಮೊಟ್ಟೆಯೂ ಅಲ್ಲ, ಗಂಡು ಅಂಗ. ನಮ್ಮ ಪಠ್ಯಗಳಲ್ಲಿ ಗ್ಲಾಬ್ಯೂಲ್ ಎಂದು ಓದಿಸುತ್ತಿದ್ದೆವು. ಅದರ ಮಗ್ಗುಲಲ್ಲೇ, ಸ್ವಲ್ಪ ಮೇಲೆ, ಸುರುಳಿ ಸುತ್ತಿದ ಹೆಣ್ಣು ಅಂಗವಿರುತ್ತದೆ, ಅದು ನ್ಯೂಕ್ಯೂಲ್. ಇದರ ದಾಯಾದಿ ನೈಟೆಲ್ಲಾದಲ್ಲಿ ಈ ಜಾಗ ಅದಲುಬದಲು: ಗಂಡು ಮೇಲೆ, ಹೆಣ್ಣು ಕೆಳಗೆ. ನ್ಯೂಕ್ಯೂಲಿನ ತಲೆಯ ಮೇಲಿನ ಕಿರೀಟದಲ್ಲಿ ಕಾರಾಕ್ಕೆ ಐದು ಕೋಶ, ನೈಟೆಲ್ಲಾಕ್ಕೆ ಎರಡು ಸಾಲಿನಲ್ಲಿ ಹತ್ತು.

ಒರಟುತನಕ್ಕೆ ಕಾರಣ ನಿಮ್ಮ ಹಂಡೆಯಲ್ಲೇ ಇದೆ. ಗಡಸು ನೀರಿನಲ್ಲಿ ಕಾರಾ ಮೈಮೇಲೆ ಸುಣ್ಣ ಕಟ್ಟಿಕೊಳ್ಳುತ್ತದೆ. ಒಂದು ಎಳೆಯ ಮೇಲೆ ನಿಂಬೆಹಣ್ಣು ಹಿಂಡಿ ನೋಡಿ, ಗುಳ್ಳೆ ಏಳುತ್ತದೆ.

ಇನ್ನು ಯಾವ ಕಾರಾ ಎಂಬುದು. ಕಾಂಡದಂತೆ ಕಾಣುವುದು ಕಾಂಡವಲ್ಲ. ಒಂದು ಗಂಟಿನಿಂದ ಮುಂದಿನ ಗಂಟಿನವರೆಗೆ ಒಂದೇ ಜೀವಕೋಶ, ಕೆಲವೊಮ್ಮೆ ಬೆರಳಿನಷ್ಟು ಉದ್ದ. ಕೆಲವು ಜಾತಿಗಳಲ್ಲಿ ಅದರ ಸುತ್ತ ಸಣ್ಣ ಕೋಶಗಳ ಸಾಲುಗಳು ಅಂಟಿ, ಗೆರೆ ಗೆರೆಯಾಗಿ ಅಂಗಿ ತೊಡಿಸಿದಂತಿರುತ್ತದೆ. ಅಂಗಿಯೇ ಇಲ್ಲದೆ ನುಣ್ಣಗಿದ್ದರೆ ಕಾರಾ ಬ್ರೌನಿಯೈ ಎಂದು ಶಂಕಿಸಬಹುದು, ಅದಕ್ಕೆ ಭತ್ತದ ಗದ್ದೆ ಅಚ್ಚುಮೆಚ್ಚು. ಕಾಂಡಕ್ಕೂ ಕಡ್ಡಿಗಳ ಬುಡಕ್ಕೂ ಗೆರೆಯಿದ್ದರೆ ಕಾರಾ ವಲ್ಗಾರಿಸ್‌ನ ಕಡೆ ನೋಡಬೇಕು. ಕಾಂಡಕ್ಕೆ ಗೆರೆಯಿದ್ದು, ಕಡ್ಡಿಗಳ ಮೊದಲ ಗೆಣ್ಣು ಮಾತ್ರ ಬೋಳಾಗಿದ್ದು ಅದರಿಂದಾಚೆ ಗೆರೆ ಶುರುವಾದರೆ ಕಾರಾ ಜೈಲಾನಿಕಾ. ಪಂಚೆಯನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿ ಗದ್ದೆಗಿಳಿದವರನ್ನು ನೆನೆಸಿಕೊಳ್ಳಿ, ಮರೆಯುವುದಿಲ್ಲ. ಹತ್ತು ಪಟ್ಟಿನ ಮಸೂರ ಸಾಕು. ಒಡವೆ ಅಂಗಡಿಯವರ ಬಳಿ ಇರುತ್ತದೆ.

ಹೆಸರಿನ ವಿಷಯದಲ್ಲಿ ಒಂದು ಜಗಳವಿದೆ, ನಾನು ಅದರಲ್ಲಿ ಪಕ್ಷ ವಹಿಸಿದವನು. 1965ರ ಸುಮಾರಿಗೆ ಅಮೆರಿಕದ ಸಸ್ಯವಿಜ್ಞಾನಿ ಆರ್.ಡಿ. ವುಡ್ ಲೋಕದ ಈ ಇಡೀ ಕುಟುಂಬವನ್ನು ಪರಿಷ್ಕರಿಸಿ, ನೂರಾರು ಹೆಸರುಗಳನ್ನು 81 ಜಾತಿಗಳಿಗೆ ಇಳಿಸಿದರು. ಓದುವವರಿಗೆ ಸುಖವೋ ಸುಖ. ಆದರೆ ಟೆಕ್ಸಾಸಿನ ವರ್ನನ್ ಪ್ರಾಕ್ಟರ್ ಬೇರೆ ಬೇರೆ ಊರಿನ ಕಾರಾಗಳನ್ನು ತೊಟ್ಟಿಗಳಲ್ಲಿ ಬೆಳೆಸಿ ಪರಸ್ಪರ ಕೂಡಿಸಲು ನೋಡಿದರೆ, ವುಡ್ ಒಂದೇ ಎಂದಿದ್ದ ಎಷ್ಟೋ ಬಗೆಗಳು ಕೂಡಲೇ ಇಲ್ಲ. ಒಣಗಿಸಿದ ಹಾಳೆಯ ಮೇಲೆ ಒಂದೇ ರೀತಿ ಕಂಡವು ನೀರಿನಲ್ಲಿ ನೆಂಟಸ್ತಿಕೆಗೆ ಒಪ್ಪಲಿಲ್ಲ. ನಾನು ಪ್ರಾಕ್ಟರ್ ಕಡೆಯವನು. ನಮ್ಮ ದೇಶದ ಹಳೆಯ ಪಟ್ಟಿಗಳನ್ನು ಓದುವಾಗ ಅದು ವುಡ್‌ಗೆ ಮೊದಲಿನದೋ ನಂತರದ್ದೋ ಎಂದು ನೋಡದೆ ಹೆಸರನ್ನು ನಂಬಬೇಡಿ. ಈ ಕುಟುಂಬದ ಮೇಲೆ 1962ರಲ್ಲಿ ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಮಂಡಳಿ) ಪ್ರಕಟಿಸಿದ ದೊಡ್ಡ ಗ್ರಂಥ ಮೊದಲಿನದು. ಅದರ ಲೇಖಕರಲ್ಲಿ ಒಬ್ಬರು ಬಿ.ಪಿ. ಪಾಲ್. ಗೋಧಿ ತಳಿ, ಗುಲಾಬಿ ಎಂದರೆ ನೆನಪಾಗುವ ಅದೇ ಪಾಲ್. ಎಳೆವಯಸ್ಸಿನಲ್ಲಿ ಬರ್ಮಾದ ಕಾರಾಗಳ ಬೆನ್ನುಹತ್ತಿದ್ದವರು.

ಹೊಸ ಹೊಂಡಕ್ಕೆ ಇದು ಬಂದದ್ದು ಹೇಗೆ ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಆ ನ್ಯೂಕ್ಯೂಲಿನೊಳಗೆ ಬಲಿಯುವ ಗಟ್ಟಿ ಸಿಪ್ಪೆಯ ಬೀಜಾಣು ಬಾತುಗಳ ಹೊಟ್ಟೆಯಲ್ಲಿ ಪ್ರಯಾಣ ಮಾಡುತ್ತದೆ. ವಲಸೆ ಹಕ್ಕಿಗಳ ಕರುಳಿನಿಂದ ತೆಗೆದ ಬೀಜಾಣುಗಳು ಮೊಳೆಯುತ್ತವೆ ಎಂದು 1962ರಲ್ಲಿ ತೋರಿಸಿದವರೂ ಪ್ರಾಕ್ಟರರೇ. ಅಗೆದು ಬಿಟ್ಟ ಗುಂಡಿ, ತಿಳಿನೀರು, ಗೊಬ್ಬರ ಸೇರದ ತಳ, ಇಷ್ಟಿದ್ದರೆ ಮೊದಲು ಬಂದು ಕೂರುವುದು ಕಾರಾ. ಆ ಸಿಪ್ಪೆ ಎಷ್ಟು ಗಟ್ಟಿ ಎಂದರೆ, ನಮ್ಮ ಗುರುಮಠಕಲ್ ಹತ್ತಿರ ದಖನ್ ಲಾವಾ ಪದರಗಳ ನಡುವೆ ಸಿಕ್ಕಿದ ಕೆರೆಯ ಹೂಳಿನಲ್ಲಿ ಸುಮಾರು 6.6 ಕೋಟಿ ವರ್ಷ ಹಳೆಯ ಸುರುಳಿಗಳು ಕಲ್ಲಾಗಿ ಉಳಿದಿವೆ. ಡೈನೋಸಾರ್ ಹೋಯಿತು, ಇದು ಉಳಿದು ಈಗ ನಿಮ್ಮ ಫುಟ್‌ವಾಲ್ವಿಗೆ ಸುತ್ತಿಕೊಂಡಿದೆ.

ಹೊಂಡದ ಮನೆ:

ನಿಂಬೆ ಹಿಂಡಿದೆ, ಸುಯ್ಯೆಂದು ನೊರೆ ಬಂತು. ಅಮ್ಮನಿಗೂ ತೋರಿಸಿದೆ. ಮಸೂರವನ್ನು ಅಕ್ಕಸಾಲಿಗರಿಂದ ತಂದೆ. ಕಾಂಡಕ್ಕೆ ಸಣ್ಣ ಗೆರೆಗಳಿವೆ, ಸ್ಪಷ್ಟ. ಕಡ್ಡಿಗಳ ಬುಡದ ಗೆಣ್ಣು ಗಾಜಿನಂತೆ ಹಸಿರಾಗಿ ಬೋಳಾಗಿದೆ, ಅದರ ಮುಂದೆ ಗೆರೆ. ನೀವು ಹೇಳಿದ ಪಂಚೆಯೇ! ಆದರೆ ಕಡ್ಡಿಯ ತುದಿಯಲ್ಲೂ ಗೆರೆಯಿಲ್ಲ. ಕಡ್ಡಿಗಳ ಕೆಳಗೆ, ಗಂಟಿನ ಸುತ್ತ, ಮುಳ್ಳಿನಂಥವು ಎರಡು ಸುತ್ತಿವೆ: ಒಂದು ಮೇಲಕ್ಕೆ, ಒಂದು ಕೆಳಕ್ಕೆ.

ಹಳೆಯ ಮೇಷ್ಟ್ರು:

ತುದಿ ಬೋಳಿರುವುದು ಸಹಜ, ಚಿಂತಿಸಬೇಡಿ. ಎರಡು ಸುತ್ತಿನ ಮುಳ್ಳನ್ನು ನಾನು ಕೇಳುವ ಮೊದಲೇ ನೋಡಿದಿರಿ, ಶಹಬಾಸ್. ಜೈಲಾನಿಕಾ ಎಂದು ಬರೆದುಕೊಳ್ಳಿ. ಹೆಸರು ಸಿಂಹಳದ್ದು, ಅಂದರೆ ಇಂದಿನ ಶ್ರೀಲಂಕಾದ್ದು, 1805ರಲ್ಲಿ ಇಟ್ಟದ್ದು. ಗಿಡ ಮಾತ್ರ ಎರಡು ಗೋಳಾರ್ಧಗಳ ಬಿಸಿನಾಡುಗಳಲ್ಲೆಲ್ಲ ಇದೆ. ಆದರೆ ಪೆನ್ಸಿಲಿನಲ್ಲಿ ಬರೆಯಿರಿ. ಇದನ್ನೇ ಹೋಲುವ ಬಗೆಗಳಲ್ಲಿ ಕಿತ್ತಳೆ ಗುಂಡಿನ ಕವಚ ಎಂಟು ಫಲಕಗಳಿಂದ ಆಗಿರುತ್ತದೆ. ಅಸಲಿ ಜೈಲಾನಿಕಾದಲ್ಲಿ ನಾಲ್ಕೇ. ಅದಕ್ಕೆ ಸೂಕ್ಷ್ಮದರ್ಶಕ ಬೇಕು.

ಪಾಚಿಯನ್ನು ಪೂರ್ತಿ ಕೀಳಬೇಡಿ. ಫುಟ್‌ವಾಲ್ವನ್ನು ಖಾಲಿ ಡ್ರಮ್ಮಿಗೆ ಕಟ್ಟಿ ತಳದಿಂದ ಮೂರಡಿ ಮೇಲೆ ತೇಲಿಬಿಡಿ, ಸುತ್ತಲಿನದನ್ನು ಮಾತ್ರ ಕುಂಟೆಯಿಂದ ಎಳೆಯಿರಿ. ಜಾಸ್ತಿಯಾದರೆ ಹತ್ತು ಹುಲ್ಲುಗೆಂಡೆ (ಗ್ರಾಸ್ ಕಾರ್ಪ್) ಮೀನು ಬಿಡಿ, ತಿಂದುಕೊಂಡಿರುತ್ತವೆ. ಸಗಣಿ ಸುರಿದರೆ ಕಾರಾ ತಾನಾಗಿಯೇ ಹೋಗುತ್ತದೆ, ಆದರೆ ಅದರ ಜಾಗಕ್ಕೆ ಹಸಿರು ಗಂಜಿಯಂಥ ನೀರು ಬರುತ್ತದೆ.

ಕೆರೆ ಗುತ್ತಿಗೆ:

ಮೇಷ್ಟ್ರೇ, ಕಳೆದ ವರ್ಷ ಒಂದು ಹೊಂಡಕ್ಕೆ ಮೈಲುತುತ್ತ ಹಾಕಿ ಒಂದು ಕ್ವಿಂಟಾಲ್ ರೋಹು ಕಳೆದುಕೊಂಡೆ. ಖಾಯಿಲೆ ಬಂದಿತ್ತು ಎಂದುಕೊಂಡಿದ್ದೆ.

ಹೊಂಡದ ಮನೆ:

ಊರಿನ ಪ್ರೌಢಶಾಲೆಯ ಸೂಕ್ಷ್ಮದರ್ಶಕದಲ್ಲಿ ಇವತ್ತು ನೋಡಿದೆವು. ಮಸೂರಕ್ಕೆ ಬೂಷ್ಟು ಹಿಡಿದಿದೆ. ಕಿರೀಟದ ಐದು ಕೋಶಗಳನ್ನು ಒಂಬತ್ತನೆಯ ತರಗತಿಯ ಹುಡುಗಿ ಎಣಿಸಿದಳು. ಫಲಕ ನಾಲ್ಕೋ ಎಂಟೋ, ಮೂವರು ಮೂರು ಲೆಕ್ಕ ಹೇಳಿದೆವು. ಒಂದು ಎಳೆಯನ್ನು ಪತ್ರಿಕೆಯ ಹಾಳೆಯಲ್ಲಿ ಒತ್ತಿಟ್ಟಿದ್ದೇನೆ, ತಾರೀಖು ಮತ್ತು ನೀರಿನ ಆಳ ಬರೆದು. ಜಾತಿಯ ಹೆಸರು ಪೆನ್ಸಿಲಿನಲ್ಲೇ ಇದೆ.