ಗೀಸರ್ ಹತ್ತದಿದ್ರೆ ಮೊದಲು ಅದರ ಸದ್ದು ಕೇಳಿ

ಅತ್ತಿಗೆ, ಬೆಳಿಗ್ಗೆ ನೀವು ಗ್ರೂಪಲ್ಲಿ ಹಾಕಿದ್ದು ನೋಡಿದೆ. ಕುವೆಂಪುನಗರದ ಮನೆ ಗ್ಯಾಸ್ ಗೀಸರ್ ಒಂದೊಂದು ದಿನ ಸದ್ದೇ ಮಾಡಲ್ಲ, ಇನ್ನೊಂದು ದಿನ ಟಕಟಕ ಅಂತ ಹತ್ಕೊಂಡು ತಕ್ಷಣ ಆರತ್ತೆ, ರಿಪೇರಿಯವರು ಹೊಸದೇ ತಗೊಳ್ಳಿ ಅಂದ್ರು ಅಂತ ಬರೆದಿದ್ದೀರಿ. ಈಗಲೇ ದುಡ್ಡು ಸುರಿಯಬೇಡಿ.

ನಲ್ಲಿ ತಿರುಗಿಸಿದಾಗ ನೀರಿನ ಒತ್ತಡಕ್ಕೆ ಒಳಗಿನ ಡಯಾಫ್ರಂ, ಅಂದ್ರೆ ತೆಳು ರಬ್ಬರ್ ಪೊರೆ, ಉಬ್ಬಿ ಒಂದು ಪಿನ್ ತಳ್ಳತ್ತೆ. ಅದರಿಂದ ಮೈಕ್ರೋ ಸ್ವಿಚ್ ಆನ್ ಆಗಿ, ಶೆಲ್ಲಿನ ಕರೆಂಟಲ್ಲಿ ಟಕಟಕ ಅಂತ ಕಿಡಿ ಹಾರತ್ತೆ, ಜೊತೆಗೇ ಸೊಲೆನಾಯ್ಡ್, ಅಂದ್ರೆ ಕರೆಂಟಲ್ಲಿ ತೆರೆಯೋ ವಾಲ್ವ್, ತೆರೆದು ಗ್ಯಾಸ್ ಬಿಡತ್ತೆ. ಉರಿ ಬಂದಿದ್ದನ್ನ ಇನ್ನೊಂದು ಸೆನ್ಸರ್ ಕಡ್ಡಿ ಗುರುತಿಸಬೇಕು. ಗುರುತಿಸದಿದ್ರೆ ಕೆಲವೇ ಸೆಕೆಂಡಲ್ಲಿ ಗ್ಯಾಸ್ ಬಂದ್.

ಹಾಗಾಗಿ ಸದ್ದೇ ಬರದ ದಿನ ಗ್ಯಾಸಿನ ಕಡೆ ಹೋಗೋದೇ ಬೇಡ. ತಪ್ಪು ನೀರಲ್ಲಿ ಇರತ್ತೆ, ಇಲ್ಲಾ ಶೆಲ್ಲಲ್ಲಿ. ಟಾರ್ಚಿಗೆ ಹಾಕೋ ದೊಡ್ಡ ಶೆಲ್ಲು, ಡಿ ಸೈಜು, ಎರಡಿರತ್ತೆ. ಎರಡೂ ಸೇರಿ 3 ವೋಲ್ಟ್. ಟಕಟಕ ಅನ್ನೋ ದಿನ ಆ ಸದ್ದಿನ ಹೊತ್ತಲ್ಲೇ ವೋಲ್ಟ್ ಅಳೆಯೋ ಮೀಟರ್ ಇಟ್ಟು 2.5 ವೋಲ್ಟಿಗಿಂತ ಕೆಳಗೆ ಬಂದ್ರೆ ಎರಡನ್ನೂ ಒಟ್ಟಿಗೆ ಬದಲಾಯಿಸಿ, ಆಲ್ಕಲೈನ್ ಶೆಲ್ಲೇ ತನ್ನಿ. ಹಳೇದೊಂದು ಹೊಸದೊಂದು ಹಾಕಬೇಡಿ. ಡಬ್ಬಿಯ ಸ್ಪ್ರಿಂಗ್ ಹಸಿರು ಕಟ್ಟಿದ್ರೆ ಕೆರೆದು ಒರೆಸಿ.

ಆಮೇಲೆ ನೀರು. ನಿಮ್ಮಲ್ಲಿ ಬೋರ್‌ವೆಲ್ ನೀರೂ ಟ್ಯಾಂಕಿಗೆ ಬರತ್ತಲ್ಲ, ನನಗೆ ಜಾಸ್ತಿ ಅನುಮಾನ ಇರೋದೇ ಇಲ್ಲಿ. ಬಿಸಿನೀರಿನ ನಲ್ಲಿ ಕೆಳಗೆ ಒಂದು ಲೀಟರ್ ಜಗ್ ಇಟ್ಟು ಪೂರ್ತಿ ಬಿಡಿ. 20 ಸೆಕೆಂಡ್ ಒಳಗೆ ತುಂಬಬೇಕು. ಅದಕ್ಕಿಂತ ನಿಧಾನ ಆದ್ರೆ ಡಯಾಫ್ರಂ ಪಿನ್ನನ್ನ ಸರಿಯಾಗಿ ತಳ್ಳಲ್ಲ. ತಣ್ಣೀರು ಗೀಸರ್ ಒಳಗೆ ಹೋಗೋ ಬಾಯಲ್ಲಿ ಸಣ್ಣ ಜಾಲರಿ ಇದೆ. ರೆಗ್ಯುಲೇಟರ್ ಆಫ್ ಮಾಡಿ, ನೀರಿನ ವಾಲ್ವ್ ಮುಚ್ಚಿ, ನಟ್ ಬಿಚ್ಚಿ ಅದನ್ನ ತೆಗೆಯಿರಿ. ಮರಳು, ಬಿಳಿ ಸುಣ್ಣ ಕಟ್ಟಿರತ್ತೆ. ಅರ್ಧ ಗಂಟೆ ವಿನೆಗರಲ್ಲಿ ನೆನೆಸಿ ಹಳೇ ಬ್ರಷ್ಷಲ್ಲಿ ಉಜ್ಜಿ. ಶವರ್ ತಟ್ಟೆಗೂ ಇದೇ ಉಪಚಾರ. ಬಕೆಟ್ ನಲ್ಲಿಗೆ ಹತ್ತಿ ಶವರಿಗೆ ಹತ್ತದಿದ್ರೆ ತಪ್ಪು ಗೀಸರಿಂದಲ್ಲ, ಶವರ್ ತೂತುಗಳದು. ಇಷ್ಟಾದ್ರೂ ಸದ್ದಿಲ್ಲ ಅಂದ್ರೆ ಡಯಾಫ್ರಂ ಹರಿದಿರಬೇಕು, ಇಲ್ಲಾ ಪಿನ್ ಸುಣ್ಣ ಹಿಡಿದು ಸಿಕ್ಕಿಕೊಂಡಿರಬೇಕು. ಡಯಾಫ್ರಂ ಬಿಡಿಯಾಗೇ ಸಿಗತ್ತೆ, ಅದಕ್ಕೋಸ್ಕರ ಗೀಸರ್ ಎಸೆಯೋದು ಅನ್ಯಾಯ.

ಹತ್ಕೊಂಡು ಆರೋದಕ್ಕೆ ಮುಖ್ಯ ಕಾರಣ ಆ ಸೆನ್ಸರ್ ಕಡ್ಡಿ. ಮಸಿ ಹಿಡಿದಿರತ್ತೆ, ಇಲ್ಲಾ ಬಾಗಿ ಉರಿಯಿಂದ ಆಚೆ ಹೋಗಿರತ್ತೆ. ನಯವಾದ ಉಪ್ಪುಕಾಗದದಲ್ಲಿ ಮೆತ್ತಗೆ ಒರೆಸಿದ್ರೆ ಸಾಕು. ಬುಡದ ಬಿಳಿ ಪಿಂಗಾಣಿ ಬಿರುಕು ಬಿಟ್ಟಿದ್ರೆ ಮಾತ್ರ ಬದಲಾಯಿಸಬೇಕು. 20 ನಿಮಿಷ ಒಂದೇ ಸಮ ಉರಿದು ಆರಿದ್ರೆ ಅದು ಕೆಟ್ಟಿದ್ದಲ್ಲ, ತುಂಬ ಗೀಸರ್‌ಗಳಲ್ಲಿ ಟೈಮರ್ ಇರತ್ತೆ. ಹೊಸ ಸಿಲಿಂಡರ್ ಹಾಕಿದ ದಿನ ಪೈಪಲ್ಲಿ ಗಾಳಿ ಇರೋದ್ರಿಂದ ಎರಡು ಮೂರು ಸಲ ನಲ್ಲಿ ಬಿಟ್ಟು ನಿಲ್ಲಿಸಬೇಕಾಗತ್ತೆ.

ಡಬ್ ಅಂತ ಸದ್ದು ಮಾಡಿ ಹತ್ತಿದ್ರೆ ಮಾತ್ರ ಬಳಸೋದು ನಿಲ್ಲಿಸಿ. ಕಿಡಿ ತಡವಾಗಿ ಗ್ಯಾಸ್ ಒಳಗೆ ತುಂಬ್ತಿದೆ ಅಂತ ಅರ್ಥ. ಬರ್ನರ್, ನಾಜಲ್, ಸೊಲೆನಾಯ್ಡ್ ನೀವು ಬಿಚ್ಚಬೇಡಿ, ಮೆಕ್ಯಾನಿಕ್ ಕೈಲೇ ಮಾಡಿಸಿ. ಗ್ಯಾಸ್ ಸೋರ್ತಿದೆಯಾ ಅಂತ ಪೈಪ್ ಜಾಯಿಂಟಿಗೆ ಸೋಪಿನ ನೊರೆ ಹಚ್ಚಿ ನೋಡಿ, ಬೆಂಕಿಕಡ್ಡಿ ಹತ್ತಿರ ತರಲೇಬೇಡಿ. ಗ್ಯಾಸ್ ವಾಸನೆ ಬಂದ್ರೆ ರೆಗ್ಯುಲೇಟರ್ ಮುಚ್ಚಿ, ಯಾವ ಸ್ವಿಚ್ಚೂ ಮುಟ್ಟದೆ ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ನಂಬರ್ 1906ಕ್ಕೆ ಫೋನ್ ಮಾಡಿ.

ಇನ್ನೊಂದು, ಅತ್ತಿಗೆ. ಗೀಸರ್ ಬಚ್ಚಲುಮನೆ ಒಳಗೇ ಇದೆ ಅಂತ ಫೋಟೋದಲ್ಲಿ ಕಂಡಿತು. ಧನುರ್ಮಾಸದ ಚಳಿ ಅಂತ ಅಮ್ಮ ಕಿಟಕಿ ಮುಚ್ಚಿ ಸ್ನಾನ ಮಾಡ್ತಾರೆ. ಗಾಳಿ ಸಾಲದೆ ಉರಿದ್ರೆ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷದ ಗಾಳಿ ತುಂಬ್ಕೊಳತ್ತೆ, ಅದಕ್ಕೆ ವಾಸನೆನೇ ಇಲ್ಲ, ಪ್ರಜ್ಞೆ ತಪ್ಪೋವರೆಗೂ ಗೊತ್ತಾಗಲ್ಲ. ಉರಿ ನೀಲಿ ಬಿಟ್ಟು ಹಳದಿಗೆ ತಿರುಗಿದ್ರಂತೂ ಇನ್ನೂ ಅಪಾಯ. ರಿಪೇರಿ ಮಾಡಿಸೋವಾಗಲೇ ಅದನ್ನ ಹೊರಗಿನ ಯುಟಿಲಿಟಿ ಗೋಡೆಗೆ ಹಾಕಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಅಲ್ಲಿವರೆಗೂ ಬಕೆಟ್ಟಿಗೆ ನೀರು ತುಂಬಿ, ಗೀಸರ್ ಆರಿಸಿ, ಬಾಗಿಲು ಕಿಟಕಿ ತೆರೆದು ಸ್ವಲ್ಪ ಹೊತ್ತು ಗಾಳಿ ಆಡೋಕೆ ಬಿಟ್ಟು, ಆಮೇಲೆ ಅಮ್ಮನ್ನ ಸ್ನಾನಕ್ಕೆ ಕಳಿಸಿ.

ಜಾಲರಿ ತೊಳೆದ ಮೇಲೆ ಜಗ್ ಎಷ್ಟು ಸೆಕೆಂಡಲ್ಲಿ ತುಂಬ್ತು ಅಂತ ಇಲ್ಲೇ ಹಾಕಿ.