ಎಳೆಗೊಂಬಿನ ಪುಡಿ: ಅಮ್ಮನ ಕೀಲಿಗೂ ನಾಯಿಯ ಕಾಲಿಗೂ ಒಂದೇ ಡಬ್ಬವೇ?

ಕೇಳಿದವರು:

ನಮ್ಮ ಲ್ಯಾಬ್ರಡಾರ್‌ಗೆ 11 ವರ್ಷ. ಸೊಂಟದ ಕೀಲು ಸವೆದಿದೆ ಎಂದು ಎಕ್ಸ್‌ರೇ ನೋಡಿದ ಪಶುವೈದ್ಯರು ಹೇಳಿದ್ದಾರೆ. ಬೆಳಿಗ್ಗೆ ಎದ್ದು ನಿಲ್ಲಲು ಅದು ಎರಡು ಮೂರು ಸಲ ಹೆಣಗುತ್ತದೆ. ಅಮ್ಮನಿಗೆ 63 ವರ್ಷ. ಎಂಟು ವರ್ಷಗಳಿಂದ ರುಮಟಾಯ್ಡ್ ಸಂಧಿವಾತವಿದ್ದು, ಆ ರೋಗವನ್ನು ಹತೋಟಿಯಲ್ಲಿಡುವ ಮೆಥೊಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಪರಿಚಯದವರೊಬ್ಬರು ಕೀಲು ನೋವಿಗೆಂದು ಎಲ್ಕ್ ಜಿಂಕೆಯ ಎಳೆಗೊಂಬಿನ, ಅಂದರೆ ಇನ್ನೂ ಬಲಿಯದ ಕೊಂಬಿನ, ಪುಡಿ ತಂದುಕೊಟ್ಟಿದ್ದಾರೆ. ಮನುಷ್ಯರಿಗೂ ಸಾಕುಪ್ರಾಣಿಗಳಿಗೂ ಆಗುತ್ತದೆ, ತಾನಾಗಿ ಉದುರಿದ ಕೊಂಬಿನಿಂದ ಮಾಡಿದ್ದು ಎಂದು ಡಬ್ಬದ ಮೇಲೆ ಬರೆದಿದೆ. ಅಮ್ಮನಿಗೆ ತುಂಬಾ ಆಸೆಯಿದೆ. ಬಳಸಿದವರು ಇದ್ದರೆ ದಯವಿಟ್ಟು ನಿಮ್ಮ ಅನುಭವ ಹೇಳಿ.

ಮುದಿ ನಾಯಿಯನ್ನು ನೋಡಿಕೊಂಡವರು:

ನಾನು ಬಳಸಿದ್ದೇನೆ. ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ, ನೀವು ಅದನ್ನು ಮಾಡಬಾರದು ಎಂಬುದಕ್ಕಾಗಿ.

ನನ್ನ ನಾಯಿಗೂ ಇದೇ ತೊಂದರೆ ಇತ್ತು. ಎಳೆಗೊಂಬಿನ ಪುಡಿಯನ್ನು ಊಟದ ಮೇಲೆ ಉದುರಿಸಲು ಆರಂಭಿಸಿದ ವಾರವೇ ಪಶುವೈದ್ಯರ ಮಾತಿನಂತೆ ಅದರ ಊಟವನ್ನೂ ಅಳೆದು ಕೊಡತೊಡಗಿದೆ. ಮೂರು ತಿಂಗಳಲ್ಲಿ ನಾಲ್ಕು ಕಿಲೋ ಇಳಿಯಿತು. ನಡಿಗೆ ಹಗುರವಾಯಿತು, ಬಾಗಿಲ ತನಕ ಓಡಿ ಬರತೊಡಗಿತು. ಪುಡಿಯ ಮಹಿಮೆ ಎಂದು ಕಂಡಕಂಡವರಿಗೆಲ್ಲ ಹೇಳಿದೆ. ಆಮೇಲೆ ಡಬ್ಬ ಮುಗಿದು, ಹೊಸದು ಬರಲು ಆರು ವಾರ ತಡವಾಯಿತು. ಆ ಆರು ವಾರವೂ ನಾಯಿ ಹಾಗೆಯೇ ಓಡುತ್ತಿತ್ತು. ಆಗಲೇ ನನಗೆ ಅನುಮಾನ ಬಂದದ್ದು. ಕೆಲಸ ಮಾಡಿದ್ದು ಪುಡಿಯೋ, ಇಳಿದ ತೂಕವೋ? ಎರಡನ್ನೂ ಒಟ್ಟಿಗೆ ಶುರು ಮಾಡಿದ್ದರಿಂದ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ.

ನಾಯಿಗಳ ವಿಷಯದಲ್ಲಿ ಇದು ಬರೀ ಗಾಳಿಮಾತೇನೂ ಅಲ್ಲ. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು ಕೀಲು ಸವೆದ 38 ನಾಯಿಗಳ ಮೇಲೆ ನಡೆಸಿದ ಪ್ರಯೋಗ 2004ರಲ್ಲಿ ಪ್ರಕಟವಾಗಿದೆ. ಮಾಲೀಕರ ಮಾತನ್ನಷ್ಟೇ ನಂಬದೆ, ಕಾಲು ನೆಲವನ್ನು ಒತ್ತುವ ಬಲವನ್ನು ಯಂತ್ರದಲ್ಲಿ ಅಳೆದಿದ್ದರು. 25 ನಾಯಿಗಳಿಗೆ ಮೊದಲಿನಿಂದಲೇ ಎಲ್ಕ್ ಎಳೆಗೊಂಬಿನ ಪುಡಿ ಸಿಕ್ಕಿತು. ಉಳಿದ 13ಕ್ಕೆ ಮೊದಲ 30 ದಿನ ಔಷಧಿಯಿಲ್ಲದ ಪುಡಿ. ಎಳೆಗೊಂಬು ತಿಂದವುಗಳ ನಡಿಗೆ 60 ದಿನಗಳಲ್ಲಿ ಸುಧಾರಿಸಿತು. ಔಷಧಿಯಿಲ್ಲದ ಪುಡಿ ತಿಂದಷ್ಟು ದಿನ ಆ 13ರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಚಿಕ್ಕ ಪ್ರಯೋಗ ನಿಜ, ಆದರೆ ತಳ್ಳಿಹಾಕುವಂಥದ್ದಲ್ಲ. ಎಳೆಗೊಂಬಿನಲ್ಲಿ, ಅದರಲ್ಲೂ ಬೆಳೆಯುವ ತುದಿಯಲ್ಲಿ, ಮೃದ್ವಸ್ಥಿ ಇರುವುದರಿಂದ ಕೊಲಾಜೆನ್, ಕಾಂಡ್ರಾಯ್ಟಿನ್, ಗ್ಲುಕೋಸಮೈನ್ ಅದರಲ್ಲಿ ಇರುತ್ತವೆ. ಇವನ್ನೇ ಬೇರೆ ಮೂಲಗಳಿಂದ ತೆಗೆದು ಕೀಲಿನ ಪೂರಕಗಳಾಗಿ ಮಾರುತ್ತಾರೆ.

ಆದ್ದರಿಂದ ಕೊಡಲೇಬೇಡಿ ಎನ್ನುವುದಿಲ್ಲ. ಕೊಡುವ ಮುನ್ನ ಎರಡು ವಾರ ಬರೆದಿಡಿ: ಏಳಲು ಎಷ್ಟು ಸಲ ಹೆಣಗಿತು, ಎಷ್ಟು ಮೆಟ್ಟಿಲು ಹತ್ತಿತು, ಎಷ್ಟು ದೂರ ನಡೆದು ಕುಳಿತುಬಿಟ್ಟಿತು. ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ವಿಡಿಯೊ ತೆಗೆಯಿರಿ. ಪುಡಿ ಆರಂಭಿಸಿದ ಮೇಲೆ ಎರಡು ತಿಂಗಳು ಬೇರೆ ಏನನ್ನೂ ಬದಲಿಸಬೇಡಿ. ಆಮೇಲೆ ಹಳೆಯ, ಹೊಸ ವಿಡಿಯೊಗಳನ್ನು ನಾಯಿಯನ್ನು ಅರಿಯದ ಯಾರಿಗಾದರೂ ತೋರಿಸಿ, ಯಾವುದು ಮೊದಲಿನದು ಎಂದು ಹೇಳದೆ ಕೇಳಿ. ನಮ್ಮ ಕಣ್ಣು ಪ್ರೀತಿಯ ಕಣ್ಣು. ಅದಕ್ಕೆ ಬೇಕಾದದ್ದೇ ಕಾಣುತ್ತದೆ. ಆದರೆ ನಾಯಿ ದಪ್ಪವಾಗಿದ್ದರೆ ತೂಕ ಇಳಿಸುವುದೇ ಮೊದಲಾಗಲಿ. ಅದರ ಗುಣಕ್ಕೆ ಸಾಕಷ್ಟು ಆಧಾರವಿದೆ.

ನುಂಗಿಸುವ ಮೊದಲು ಡಬ್ಬದ ಹಿಂಬದಿಯನ್ನೂ ಓದಿ. ಜಗಿಯುವ ಸಿಹಿ ಮಾತ್ರೆಯಾಗಿದ್ದರೆ ಅದರಲ್ಲಿ ಸಕ್ಕರೆಯ ಬದಲು ಹಾಕುವ ಕ್ಸೈಲಿಟಾಲ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಅದು ನಾಯಿಗೆ ವಿಷ. ಇನ್ನು ನೋವು ನೋಡಲಾರದೆ ನಿಮ್ಮ ಮನೆಯ ಐಬುಪ್ರೊಫೆನನ್ನು ಮಾತ್ರ ಎಂದೂ ಕೊಡಬೇಡಿ.

ಹಲ್ಲು ಮುರಿಸಿಕೊಂಡ ನಾಯಿಯ ಮನೆಯವರು:

ಒಂದು ಗೊಂದಲ ಬಿಡಿಸುತ್ತೇನೆ. ಎಳೆಗೊಂಬಿನ ಪುಡಿ ಬೇರೆ, ನಾಯಿ ಕಡಿಯಲೆಂದು ಮಾರುವ ಗಟ್ಟಿ ಕೊಂಬಿನ ತುಂಡು ಬೇರೆ. ಎರಡೂ ಒಂದೇ ಎಂದುಕೊಂಡು, ಕೀಲಿಗೆ ಒಳ್ಳೆಯದು ಎಂದು ನಾವು ತುಂಡನ್ನು ಕೊಟ್ಟೆವು. ಅದು ಪೂರ್ತಿ ಬಲಿತ ಮೂಳೆ. ಮೇಲ್ದವಡೆಯ ದೊಡ್ಡ ಹಲ್ಲು ಚಕ್ಕೆ ಎದ್ದು ಸೀಳಿತು, ಅರಿವಳಿಕೆ ಕೊಟ್ಟು ಕೀಳಿಸಬೇಕಾಯಿತು. ಉಗುರಿನಿಂದ ಒತ್ತಿದರೆ ಸ್ವಲ್ಪವೂ ತಗ್ಗದ ವಸ್ತುವನ್ನು ನಾಯಿಯ ಬಾಯಿಗೆ ಕೊಡಬೇಡಿ ಎಂದು ಆ ದಿನ ವೈದ್ಯರು ಹೇಳಿದ ಮಾತನ್ನು ನಾನು ಮರೆತಿಲ್ಲ.

ರುಮಟಾಯ್ಡ್ ಸಂಧಿವಾತ ಇರುವವರು:

ನಿಮ್ಮ ಅಮ್ಮನ ಬಗ್ಗೆ ಓದಿ ಸುಮ್ಮನಿರಲಾಗಲಿಲ್ಲ. ನನಗೂ ಅದೇ ಕಾಯಿಲೆ, 14 ವರ್ಷಗಳಿಂದ. ನಾಯಿಯದು ಸವೆತ, ನಮ್ಮದು ದೇಹವೇ ತನ್ನ ಕೀಲುಗಳ ಮೇಲೆ ಯುದ್ಧ ಹೂಡುವ ರೋಗ. ಸವೆತಕ್ಕೆ ಒಂದಿಷ್ಟು ಒದಗಬಹುದಾದದ್ದು ಇದಕ್ಕೂ ಒದಗುತ್ತದೆ ಎಂದುಕೊಳ್ಳಬಾರದು.

ಇದನ್ನು ಪರೀಕ್ಷಿಸಿಯೂ ಇದ್ದಾರೆ. ರುಮಟಾಯ್ಡ್ ಸಂಧಿವಾತದ 168 ಮಂದಿಗೆ ಅವರ ಮಾಮೂಲಿ ಔಷಧಿಯ ಜೊತೆಗೆ ಆರು ತಿಂಗಳು ಎಲ್ಕ್ ಎಳೆಗೊಂಬನ್ನೋ ಔಷಧಿಯಿಲ್ಲದ ಪುಡಿಯನ್ನೋ ಕೊಟ್ಟು ನೋಡಿದ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2012ರಲ್ಲಿ ನ್ಯೂಜಿಲೆಂಡಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ವಿಮರ್ಶೆ ಮನುಷ್ಯರ ಮೇಲಿನ ಏಳು ಪ್ರಯೋಗಗಳನ್ನು ಒಟ್ಟಿಗೆ ನೋಡಿ, ಹೇಳಿಕೊಳ್ಳುವ ಗುಣಗಳಲ್ಲಿ ಹೆಚ್ಚಿನವಕ್ಕೆ ಆಧಾರವಿಲ್ಲ ಎಂದಿತು. ಎಳೆಗೊಂಬಿಗಾಗಿ ಜಿಂಕೆ ಸಾಕುವ ದೇಶದಲ್ಲೇ ಬಂದ ಮಾತು ಅದು.

ನನ್ನ ಕಥೆ ಚಿಕ್ಕದು. ಎಳೆಗೊಂಬಿನ ಕ್ಯಾಪ್ಸೂಲ್ ನುಂಗಿದ ಮೊದಲ ತಿಂಗಳು ಮನಸ್ಸಿಗೆ ಹುರುಪು ಬಂತು. ಆ ಹುರುಪಿನಲ್ಲಿ ವೈದ್ಯರಿಗೆ ಹೇಳದೆ ಮೆಥೊಟ್ರೆಕ್ಸೇಟ್ ಬಿಟ್ಟೆ. ಮೂರನೆಯ ತಿಂಗಳಲ್ಲಿ ಬೆರಳುಗಳು ಊದಿ ಲೋಟ ಹಿಡಿಯಲಾಗಲಿಲ್ಲ. ಎಡಗೈಯ ಎರಡು ಬೆರಳು ಅಂದು ಬಾಗಿದ್ದು ಮತ್ತೆ ನೇರವಾಗಿಲ್ಲ. ಪುಡಿ ನನಗೆ ಕೆಡುಕು ಮಾಡಲಿಲ್ಲ, ಔಷಧಿ ಬಿಟ್ಟದ್ದು ಮಾಡಿತು. ಅಮ್ಮನವರು ಪುಡಿ ತಿನ್ನಲೇಬೇಕು ಎಂದರೂ ಅವರ ವೈದ್ಯರಿಗೆ ಹೇಳಿಯೇ ತಿನ್ನಲಿ. ಮಾತ್ರೆ ಮಾತ್ರ ಒಂದು ವಾರವೂ ತಪ್ಪದಿರಲಿ.

ಜಿಂಕೆ ಸಾಕಣೆಯಲ್ಲಿ ಕೆಲಸ ಮಾಡಿದವರು:

ತಾನಾಗಿ ಉದುರಿದ ಕೊಂಬು ಎಂಬ ಮಾತು ಆ ಡಬ್ಬದ ಮೇಲಿದ್ದರೆ ಅದನ್ನು ನಂಬಬೇಡಿ. ಗಂಡು ಎಲ್ಕ್‌ನ ಕೊಂಬು ವರ್ಷಕ್ಕೊಮ್ಮೆ ಬಿದ್ದು ಹೊಸದಾಗಿ ಹುಟ್ಟುತ್ತದೆ. ಬೆಳೆಯುವಾಗ ಅದು ಮಖಮಲ್ಲಿನಂಥ ಚರ್ಮ ಹೊದ್ದು, ರಕ್ತ ತುಂಬಿ ಬೆಚ್ಚಗಿರುತ್ತದೆ. ದಿನಕ್ಕೆ ಎರಡು ಸೆಂಟಿಮೀಟರ್‌ನಷ್ಟು ಏರುವುದೂ ಉಂಟು. ಕೈ ಇಟ್ಟು ನೋಡಿದವರಿಗೆ ಗೊತ್ತು, ಅದು ಜೀವಂತ ಅಂಗ. ಬೇಸಿಗೆಯ ಕೊನೆಗೆ ಬಲಿತು ಮೂಳೆಯಾಗುತ್ತದೆ, ಚರ್ಮ ಒಣಗಿ ಕಳಚುತ್ತದೆ. ಕೊಂಬು ಉದುರುವುದು ಅದಾಗಿ ತಿಂಗಳುಗಳ ಮೇಲೆ. ಹಾಗಾಗಿ ಎಳೆಗೊಂಬು ಉದುರಿ ಬೀಳುವುದಿಲ್ಲ, ಸುಮಾರು ಎರಡು ತಿಂಗಳ ಬೆಳೆಯಾದಾಗ ಕತ್ತರಿಸಿಯೇ ತೆಗೆಯಬೇಕು.

ಕತ್ತರಿಸುವಾಗ ಬುಡದ ಸುತ್ತ ಮರಗಟ್ಟಿಸುವ ಚುಚ್ಚುಮದ್ದು ಹಾಕಬೇಕು. ನ್ಯೂಜಿಲೆಂಡಿನಲ್ಲಿ ಪಶುವೈದ್ಯರೋ ಅವರಿಂದ ತರಬೇತಿ ಪಡೆದ ಸಾಕಣೆದಾರರೋ ಮಾತ್ರ ಇದನ್ನು ಮಾಡಬಹುದು. ಬ್ರಿಟನ್‌ನಲ್ಲಿ ಮಾರಾಟಕ್ಕಾಗಿ ಎಳೆಗೊಂಬು ಕತ್ತರಿಸುವಂತೆಯೇ ಇಲ್ಲ. ಚುಚ್ಚುಮದ್ದು ಸರಿಯಾಗಿ ಹತ್ತದ ಪ್ರಾಣಿಯ ಕಣ್ಣನ್ನು ನಾನೊಮ್ಮೆ ನೋಡಿದ್ದೇನೆ, ಆದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತೇನೆ: ಯಾರು, ಹೇಗೆ ತೆಗೆದರು ಎಂದು ಮಾರುವವರನ್ನು ಕೇಳಿ.

ಎಲ್ಲಿಂದ ಬಂದದ್ದು ಎಂಬುದನ್ನೂ ಕೇಳಿ. ಉತ್ತರ ಅಮೆರಿಕದ ಜಿಂಕೆ, ಎಲ್ಕ್‌ಗಳಲ್ಲಿ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ರೋಗವಿದೆ. 1967ರಲ್ಲಿ ಕೊಲರಾಡೊದಲ್ಲಿ ಮೊದಲು ಕಂಡಿತು. ಮಿದುಳನ್ನು ತಿನ್ನುವ ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನ್ ಇದಕ್ಕೆ ಕಾರಣ. ಕುದಿಸಿದರೂ ಅದು ನಾಶವಾಗುವುದಿಲ್ಲ. ರೋಗವಿರುವ ಎಲ್ಕ್‌ನ ಎಳೆಗೊಂಬಿನ ಚರ್ಮದಲ್ಲಿಯೂ ಅದು ಸಿಕ್ಕಿದ್ದು 2009ರಲ್ಲಿ ಪ್ರಕಟವಾಯಿತು. ಮನುಷ್ಯರಿಗೆ ಹರಡಿದ್ದು ಖಚಿತವಾಗಿ ದಾಖಲಾಗಿಲ್ಲ. ಆದರೂ ಹಿಂಡಿನ ಮೂಲವನ್ನೂ ರೋಗಪರೀಕ್ಷೆಯನ್ನೂ ಹೇಳಲಾರದ ಡಬ್ಬವನ್ನು ನಾನು ಮನೆಯೊಳಗೆ ತರುವುದಿಲ್ಲ.

ಓಟಗಾರರಿಗೆ ತರಬೇತಿ ಕೊಡುವವರು:

ಮನೆಯಲ್ಲಿ ಯಾರಾದರೂ ಸ್ಪರ್ಧೆಗಳಲ್ಲಿ ಭಾಗವಹಿಸುತ್ತಿದ್ದರೆ ಇದರ ಹತ್ತಿರ ಹೋಗದಿರಲಿ. ಎಳೆಗೊಂಬಿನಲ್ಲಿರುವ ಐಜಿಎಫ್-1 ಎಂಬ ಬೆಳವಣಿಗೆಯ ಅಂಶ ಕ್ರೀಡೆಯಲ್ಲಿ ನಿಷಿದ್ಧ. 2013ರಲ್ಲಿ ಗಾಲ್ಫ್ ಆಟಗಾರ ವಿಜಯ್ ಸಿಂಗ್ ಎಳೆಗೊಂಬಿನ ಸ್ಪ್ರೇ ಬಳಸಿದ್ದಾಗಿ ಹೇಳಿಕೊಂಡು ಪ್ರಕರಣ ಎದುರಿಸಿದರು. ಕೊನೆಗೆ ಅದನ್ನು ಕೈಬಿಡಲಾಯಿತು. ನುಂಗಿದ ಐಜಿಎಫ್-1 ಬೇರೆ ಪ್ರೋಟೀನುಗಳಂತೆ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ, ಆದ್ದರಿಂದ ಸ್ನಾಯು ಬೆಳೆಸುತ್ತದೆ ಎಂಬ ಜಾಹೀರಾತಿಗೆ ನಾನು ಬೆಲೆ ಕೊಡುವುದಿಲ್ಲ. ಹಾಗಿದ್ದರೂ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಕೇಳಿದವರು:

ಎಲ್ಲರಿಗೂ ಧನ್ಯವಾದ. ಬೆರಳುಗಳ ಮಾತನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ತಮ್ಮ ಕೈಗಳನ್ನೇ ನೋಡಿಕೊಂಡು, ಡಬ್ಬವನ್ನು ನನ್ನ ಕಡೆ ಸರಿಸಿದರು. ಹಿಂಡಿನ ಮೂಲ ಅದರ ಮೇಲೆ ಎಲ್ಲಿಯೂ ಇಲ್ಲ. ನಾಯಿಗೂ ಅದನ್ನು ಕೊಡುವುದಿಲ್ಲ. ಮೂಲ ತಿಳಿದ ಪುಡಿ ಸಿಕ್ಕರೆ ಕೊಡಬಹುದೇ ಎಂದು ಶನಿವಾರ ಪಶುವೈದ್ಯರನ್ನು ಕೇಳುತ್ತೇನೆ. ಇವತ್ತು ತೂಕ ನೋಡಿದೆ, 37 ಕಿಲೋ. ಎರಡು ವರ್ಷದ ಹಿಂದೆ 31 ಇತ್ತು. ಬೆಳಗಿನ ವಿಡಿಯೊ ತೆಗೆದಿಟ್ಟಿದ್ದೇನೆ: ಏಳಲು ಮೂರು ಪ್ರಯತ್ನ, ಹತ್ತಿದ್ದು ನಾಲ್ಕು ಮೆಟ್ಟಿಲು.