ಸೊಂಟದ ಆಪರೇಷನ್ ಆದ ಅತ್ತೆಯವರನ್ನು ಮತ್ತೆ ನಡೆಸುವುದು ಹೇಗೆ? ಮತ್ತೆ ಬೀಳದಂತೆ ಏನು ಮಾಡಬೇಕು?

ಪ್ರಶ್ನೆ (ಮೂಡಿಗೆರೆ ಕಡೆಯ ಸದಸ್ಯೆ):

ಮೇಡಂ ನಮಸ್ತೆ. ನಮ್ಮ ಅತ್ತೆಗೆ 72 ವರ್ಷ. ಎರಡು ತಿಂಗಳ ಹಿಂದೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಬಲಗಡೆ ಸೊಂಟದ ಹತ್ರ ಮೂಳೆ ಮುರೀತು. ಹಾಸನದಲ್ಲಿ ಆಪರೇಷನ್ ಆಗಿ ರಾಡ್ ಹಾಕಿದ್ದಾರೆ. ಹೋದ ವಾರ ಡಾಕ್ಟ್ರು ಎಕ್ಸ್‌ರೇ ನೋಡಿ, ಮೂಳೆ ಚೆನ್ನಾಗಿ ಕೂಡ್ತಾ ಇದೆ, ಕಾಲಿನ ಮೇಲೆ ಪೂರ್ತಿ ಭಾರ ಬಿಟ್ಟು ನಡೀಬಹುದು ಅಂದ್ರು. ಆದ್ರೆ ಅತ್ತೆ ಮಂಚದಿಂದ ಕಮೋಡಿಗೆ, ಕಮೋಡಿಂದ ಮಂಚಕ್ಕೆ, ಅಷ್ಟೇ. ಅದೂ ವಾಕರ್ ಜೊತೆಗೆ ಪಕ್ಕದಲ್ಲಿ ಒಬ್ಬರು ಹಿಡ್ಕೊಂಡಿದ್ರೆ ಮಾತ್ರ. ಏಳೋಕೆ ಹೋದ್ರೆ ನಮ್ಮ ಯಜಮಾನ್ರು "ಅಮ್ಮ, ಸುಮ್ನೆ ಕೂತ್ಕೊ, ಮತ್ತೆ ಬಿದ್ರೆ ಏನ್ ಮಾಡೋದು" ಅಂತ ಗದರ್ತಾರೆ. ಅತ್ತೆಗೂ ಹೆದರಿಕೆ ಹೊಕ್ಕಿದೆ. ಕೊಯ್ಲಿನ ಟೈಮಲ್ಲಿ ಬೆಳಗ್ಗೆಯಿಂದ ಕಣದಲ್ಲೇ ನಿಂತು ಕಾಫಿ ಹರವಿಸ್ತಿದ್ದವರು ಅವರು. ವಾರಕ್ಕೆ ಮೂರು ಸಲ ಹಾಸನಕ್ಕೆ ಕರ್ಕೊಂಡು ಬರೋಕೆ ನಮಗೆ ಆಗಲ್ಲ. ಮನೇಲೇ ಏನು ಮಾಡಿಸಬಹುದು?

ಉತ್ತರ (ಫಿಸಿಯೊಥೆರಪಿಸ್ಟ್, ಹಾಸನ):

ನಮಸ್ತೆ. ಪೂರ್ತಿ ಭಾರ ಬಿಡಬಹುದು ಅಂತ ಆಪರೇಷನ್ ಮಾಡಿದ ಡಾಕ್ಟರೇ ಹೇಳಿದ್ದಾರೆ ಅಂದ ಮೇಲೆ, ನಿಮ್ಮ ಅತ್ತೆಯವರಿಗೆ ಈಗ ನಡೆಯುವುದಕ್ಕಿಂತ ಕೂತೇ ಇರುವುದು ಹೆಚ್ಚು ಅಪಾಯ. ಈ ಸಾಲನ್ನು ದಯವಿಟ್ಟು ನಿಮ್ಮ ಯಜಮಾನರಿಗೆ ಓದಿ ಹೇಳಿ. ಅವರು ಅಮ್ಮನ ಮೇಲಿನ ಪ್ರೀತಿಯಿಂದಲೇ ಗದರುತ್ತಿದ್ದಾರೆ, ಅದು ನನಗೆ ಗೊತ್ತು. ಆದರೆ ಕೂತಷ್ಟೂ ತೊಡೆಯ ಸ್ನಾಯು ಕರಗುತ್ತದೆ, ತೊಡೆ ಸೋತಷ್ಟೂ ಕಾಲು ನಡುಗುತ್ತದೆ, ಕಾಲು ನಡುಗಿದಷ್ಟೂ ಹೆದರಿಕೆ ಹೆಚ್ಚಿ ಮತ್ತೆ ಕೂರುತ್ತಾರೆ. ಎರಡನೇ ಸಲ ಬೀಳುವವರಲ್ಲಿ ಬಹಳಷ್ಟು ಜನ ಬೀಳುವುದು ಹೀಗೇ. ಯಾವ ಕಾಯಿಲೆಯೂ ಇಲ್ಲದ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ ಅಧ್ಯಯನವೊಂದರಲ್ಲಿ, ಕಾಲುಗಳಿಂದಲೇ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. ಅತ್ತೆಯವರು ಮಲಗಿ, ಕೂತು ಎರಡು ತಿಂಗಳಾಗಿದೆ.

ಮೊದಲ ಕೆಲಸ ಕುರ್ಚಿಯಿಂದ ಏಳುವುದು. ಬೇರೆ ಏನನ್ನು ಬಿಟ್ಟರೂ ಇದೊಂದನ್ನು ಬಿಡಬೇಡಿ. ಕೈ ಇರುವ, ಅಲುಗಾಡದ ಮರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಹಿಂದಕ್ಕೆ ಜಾರುತ್ತದೆ. ಕುರ್ಚಿ ತಗ್ಗಾಗಿದ್ದರೆ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರ ಮಾಡಿ. ಅತ್ತೆಯವರು ಕುರ್ಚಿಯ ಅಂಚಿಗೆ ಜರುಗಿ ಕೂರಲಿ. ಪಾದ ಎರಡೂ ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಬರಲಿ. ತುಂಬಾ ಜನ ತಪ್ಪುವುದು ಇಲ್ಲೇ: ಪಾದ ಮುಂದಕ್ಕೆ ಚಾಚಿಕೊಂಡೇ ಏಳಲು ನೋಡುತ್ತಾರೆ, ಆಗದೆ ಧಪ್ ಅಂತ ಹಿಂದಕ್ಕೆ ಕೂರುತ್ತಾರೆ, ಮನೆಯವರು ರಟ್ಟೆ ಹಿಡಿದು ಎಳೆಯುತ್ತಾರೆ. ಎಳೆಯಬೇಡಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವ ತನಕ ಎದೆಯನ್ನು ಮುಂದಕ್ಕೆ ಬಾಗಿಸಲು ಹೇಳಿ. ಕುರ್ಚಿಯ ಕೈ ಒತ್ತಿ ಏಳಲಿ. ವಾಕರ್ ಹಿಡಿದು ಎಳೆದುಕೊಂಡು ಏಳುವುದು ಬೇಡ, ಅದು ಮಗುಚುತ್ತದೆ. ನಿಂತ ಮೇಲೆ ಮೂರು ಉಸಿರು ನಿಂತು, ನಿಧಾನವಾಗಿ, ಅರ್ಧದಲ್ಲಿ ಬೀಳದ ಹಾಗೆ ಕೂರಲಿ. ಆ ನಿಧಾನವಾಗಿ ಕೂರುವುದರಲ್ಲೇ ತೊಡೆಗೆ ಹೆಚ್ಚು ಕೆಲಸ. ಒಂದು ಸಲಕ್ಕೆ ಐದು, ದಿನಕ್ಕೆ ಮೂರು ನಾಲ್ಕು ಹೊತ್ತು. ಕಾಫಿ, ತಿಂಡಿ, ಊಟ, ಟೀವಿ, ಪ್ರತಿಯೊಂದರ ಮುಂಚೆ ಐದು ಅಂತ ಇಟ್ಟುಕೊಂಡರೆ ಮರೆಯಲ್ಲ. ವಾರ ಕಳೆದಂತೆ ದಿಂಬು ತೆಗೆಯಿರಿ, ಆಮೇಲೆ ಕೈ ಒತ್ತುವುದನ್ನು ಕಡಿಮೆ ಮಾಡಿಸಿ.

ಎರಡನೆಯದು ಅಡುಗೆ ಕಟ್ಟೆ ಹಿಡಿದು ಮಾಡುವುದು. ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಲ್ಲುವುದು ಹತ್ತು ಸಲ. ಕಾಲನ್ನು ಪಕ್ಕಕ್ಕೆ ಎತ್ತುವುದು ಎರಡೂ ಕಡೆ ಹತ್ತತ್ತು, ಮೈ ವಾಲದ ಹಾಗೆ. ಆಪರೇಷನ್ ಆದ ಕಡೆಯ ಪೃಷ್ಠದ ಸ್ನಾಯು ಸೋತಿರುವುದರಿಂದಲೇ ನಡೆಯುವಾಗ ಕುಂಟು ಬರುವುದು, ಅದಕ್ಕೆ ಇದೇ ಮದ್ದು. ಆಮೇಲೆ ಕಟ್ಟೆ ಹಿಡಿದು ಪಕ್ಕಕ್ಕೆ ಹೆಜ್ಜೆ ಇಡುತ್ತಾ ಆ ತುದಿಯಿಂದ ಈ ತುದಿಗೆ. ನೀವು ಹಿಂದೆ ನಿಂತಿರಿ, ಆದರೆ ಮುಟ್ಟಬೇಡಿ.

ನೋವಿನ ಲೆಕ್ಕ ಹೀಗೆ: ಮಾಡುವಾಗ ಸ್ವಲ್ಪ ಸೆಳೆತ, ಸುಸ್ತು ಬಂದು ಮಾರನೇ ಬೆಳಗ್ಗೆ ಹೊತ್ತಿಗೆ ಇಳಿದಿದ್ದರೆ ಸರಿ. ಮಾರನೇ ದಿನ ಇನ್ನೂ ಹೆಚ್ಚಿದ್ದರೆ ಅರ್ಧಕ್ಕೆ ಇಳಿಸಿ. ತೊಡೆಸಂದಿಯಲ್ಲಿ ಹೊಸದಾಗಿ ಚುಚ್ಚುವ ನೋವು ಬಂದರೆ, ಕಾಲು ಊರಲು ಆಗದಿದ್ದರೆ, ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ.

ಇನ್ನೊಂದು ಮಾತು, ಇದನ್ನು ಯಾರೂ ಕೇಳುವುದಿಲ್ಲ, ಹಾಗಾಗಿ ನಾನೇ ಹೇಳುತ್ತೇನೆ. ನಿಂತ ಎತ್ತರದಿಂದ ಬಿದ್ದಿದ್ದಕ್ಕೇ ಸೊಂಟದ ಮೂಳೆ ಮುರಿಯಿತು ಅಂದರೆ ಮೂಳೆ ಸವೆದಿದೆ ಅಂತಲೇ ತಿಳಿಯಬೇಕು. ರಾಡ್ ಹಾಕಿದ್ದು ಮುರಿದ ಜಾಗಕ್ಕೆ, ಸವೆತ ಮೈಯೆಲ್ಲಾ ಇದೆ. ಮುಂದಿನ ಸಲ ಹೋದಾಗ "ಮೂಳೆ ಸವೆತಕ್ಕೆ ಚಿಕಿತ್ಸೆ ಶುರು ಮಾಡಬೇಕಾ, ವಿಟಮಿನ್ ಡಿ ಎಷ್ಟಿದೆ" ಅಂತ ನೀವೇ ಬಾಯಿಬಿಟ್ಟು ಕೇಳಿ. ಊಟದಲ್ಲಿ ಮೊಟ್ಟೆ, ಹಾಲು, ಬೇಳೆ, ಹುರುಳಿ ಹೆಚ್ಚಿಸಿ. ಬರೀ ಗಂಜಿ ಕುಡಿಸಿದರೆ ವ್ಯಾಯಾಮ ಮಾಡಿಯೂ ಸ್ನಾಯು ಕಟ್ಟುವುದಿಲ್ಲ.

ಅದೇ ಸದಸ್ಯೆ:

ಮೇಡಂ ತುಂಬಾ ಥ್ಯಾಂಕ್ಸ್. ಯಜಮಾನ್ರಿಗೆ ಓದಿ ಹೇಳ್ದೆ, ಸುಮ್ನೆ ಕೇಳಿಸ್ಕೊಂಡ್ರು. ನಮ್ದು ಹಳೇ ಮನೆ. ಹೊಸ್ತಿಲು ಎತ್ತರ, ಅಂಗಳ ಪೂರ್ತಿ ಪಾಚಿ, ಮಳೆ ಬಂದ್ರೆ ಕರೆಂಟ್ ಇರಲ್ಲ. ಇಂಥ ಮನೇಲಿ ಏನು ಮಾಡೋದು?

ಉತ್ತರ:

ಮಲೆನಾಡಿನ ಮನೆ ಅಂದರೆ ನಾನು ಮೊದಲು ಕೇಳುವುದೇ ಬಚ್ಚಲು. ಬಿದ್ದ ಜಾಗ ಅದೇ ಆದ್ದರಿಂದ ಅಲ್ಲಿಂದಲೇ ಶುರು ಮಾಡಿ. ಗೋಡೆಗೆ ಸ್ಟೀಲಿನ ಹಿಡಿಕೆ ಹಾಕಿಸಿ, ಡ್ರಿಲ್ ಮಾಡಿ ಬೋಲ್ಟ್ ಬಿಗಿದಿರಬೇಕು. ಟವೆಲ್ ಹಾಕುವ ಕಂಬಿಯನ್ನು ಹಿಡಿದು ಅದರ ಜೊತೆಗೇ ಕೆಳಗೆ ಬಂದವರಿದ್ದಾರೆ. ಕೂತು ಸ್ನಾನ ಮಾಡಲಿ, ಅಗಲ ಕಾಲಿನ, ಕಾಲಿಗೆ ರಬ್ಬರ್ ಇರುವ ಸ್ಟೂಲ್ ಮೇಲೆ. ಹಂಡೆಯಿಂದ ಬಿಸಿನೀರು ತೋಡುವ ಕೆಲಸ ಸದ್ಯಕ್ಕೆ ಅವರದ್ದಲ್ಲ, ನೀವು ಬಕೆಟ್ಟಿಗೆ ತುಂಬಿ ಕೈಗೆ ಸಿಗುವ ಎತ್ತರದಲ್ಲಿಡಿ. ಸ್ನಾನ ಆದ ಮೇಲೆ ಸೋಪಿನ ನೀರು ತಳ್ಳಿ, ನೆಲ ಒರೆಸಿ, ಆಮೇಲೆ ಏಳಿಸಿ. ಬಾಗಿಲಲ್ಲಿ ಕಾಲೊರೆಸಲು ಹಳೆ ಸೀರೆ ಮಡಿಚಿ ಹಾಕಿರುತ್ತೀರಲ್ಲ, ಅದನ್ನು ಇವತ್ತೇ ತೆಗೆಯಿರಿ. ಅಡಿಯಲ್ಲಿ ರಬ್ಬರ್ ಇರುವ ಮ್ಯಾಟ್ ಮಾತ್ರ ಇರಲಿ.

ಹೊಸ್ತಿಲನ್ನು ತೆಗೆಯಲು ಮನೆಯಲ್ಲಿ ಯಾರೂ ಒಪ್ಪುವುದಿಲ್ಲ, ತೆಗೆಯುವುದೂ ಬೇಡ. ಅಂಚಿಗೆ ಎದ್ದು ಕಾಣುವ ಹಳದಿ ಪೇಂಟ್ ಹೊಡೆಸಿ, ಬಾಗಿಲ ಚೌಕಟ್ಟಿಗೆ ಒಂದು ಹಿಡಿಕೆ ಹಾಕಿಸಿ. ದಾಟುವ ಕ್ರಮ ಕಲಿಸಿ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಮೆಟ್ಟಿಲಿಗೂ ಇದೇ.

ಕರೆಂಟಿಗೆ, ಮಂಚದ ಪಕ್ಕ ಚಾರ್ಜಿಂಗ್ ಬಲ್ಬ್ ಹಾಕಿ, ದಿಂಬಿನ ಹತ್ತಿರ ಟಾರ್ಚ್ ಇಡಿ. ಮಂಚದಿಂದ ಕಮೋಡಿಗೆ ಹೋಗುವ ದಾರಿಯಲ್ಲಿ ವೈರು, ಚಾಪೆ, ಮೊರ, ಏನೂ ಇರಬಾರದು.

ಅಂಗಳಕ್ಕೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿಸಿ. ಮಳೆ ನಿಲ್ಲುವ ತನಕ ಅತ್ತೆಯವರ ವಾಕಿಂಗ್ ಜಗಲಿಯಲ್ಲಿ. ಅಡಿಕೆ ದಬ್ಬೆ ಹಾಸಿದ ಕಡೆ ವಾಕರ್ ಬೇಡ, ಸಂದಿಗೆ ಕಾಲು ಸಿಕ್ಕಿಕೊಳ್ಳುತ್ತದೆ. ಡಿಸೆಂಬರ್ ಹೊತ್ತಿಗೆ ಕಣದಲ್ಲಿ ಕುರ್ಚಿ ಹಾಕಿ ಕೂರಿಸಿ, ಎದ್ದು ನಾಲ್ಕು ಹೆಜ್ಜೆ ಹಾಕಿ ಕಾಫಿ ನೋಡಿ ಬಂದು ಕೂರುವಷ್ಟು ಮಾಡಿಸೋಣ. ಅವರಿಗೆ ಹೀಗೇ ಹೇಳಿ. "ವ್ಯಾಯಾಮ ಮಾಡಿ" ಅಂದರೆ ಬೇಜಾರಾಗುತ್ತದೆ, "ಕಣಕ್ಕೆ ಹೋಗೋಣ" ಅಂದರೆ ಎದ್ದು ನಿಲ್ಲುತ್ತಾರೆ.

ಸಕಲೇಶಪುರದ ಸದಸ್ಯರು:

ಮೇಡಂ, ನಮ್ಮ ಅಪ್ಪಂಗೆ ಎಡ ಮಂಡಿ ನೋವು, ಎಡಗೈಯಲ್ಲೇ ಕೋಲು ಹಿಡೀತಾರೆ. ನೋವಿರೋ ಕಡೆಗೇ ತಾನೇ ಆಸರೆ ಬೇಕು?

ಉತ್ತರ:

ಬಲಗೈಯಲ್ಲಿ ಹಿಡಿಯಬೇಕು ಸರ್. ನಾವು ನಡೆಯುವಾಗ ಎಡಗಾಲಿನ ಜೊತೆ ಬಲಗೈ ಮುಂದೆ ಬರುತ್ತದೆ. ಕೋಲೂ ನೋವಿನ ಕಾಲೂ ಒಟ್ಟಿಗೆ ಮುಂದೆ ಹೋದರೆ ಭಾರ ಕೋಲಿನ ಕಡೆಗೆ ಹಂಚಿಹೋಗುತ್ತದೆ. ಎತ್ತರ ನೋಡಲು, ಚಪ್ಪಲಿ ಹಾಕಿ ನೆಟ್ಟಗೆ ನಿಲ್ಲಿಸಿ ಕೈ ಇಳಿಬಿಡಿಸಿ. ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ತುದಿಯ ರಬ್ಬರ್ ಬುಷ್ ಸವೆದು ನುಣ್ಣಗಾಗಿದ್ದರೆ ಬದಲಿಸಿ, ಒದ್ದೆ ಸಿಮೆಂಟಿನ ಮೇಲೆ ಸವೆದ ಬುಷ್ ನಿಲ್ಲುವುದೇ ಇಲ್ಲ. ಬಿಪಿಎಲ್ ಕಾರ್ಡ್ ಇರುವ 60 ದಾಟಿದವರಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಕೋಲು, ವಾಕರ್ ಉಚಿತವಾಗಿ ಕೊಡುತ್ತಾರೆ. 2017ರಿಂದ ಇದೆ, ಶಿಬಿರ ಮಾಡಿ ಹಂಚುತ್ತಾರೆ.

ಅರಸೀಕೆರೆಯ ಸದಸ್ಯರು:

ನಮ್ಮ ತಂದೆಗೆ ಶುಗರ್, ಬಿಪಿ ಎರಡೂ ಇದೆ, 68 ವರ್ಷ. ರಾತ್ರಿ ಮೂತ್ರಕ್ಕೆ ಎದ್ದಾಗ ಎರಡು ಸಲ ಬಿದ್ದಿದ್ದಾರೆ. ಹಗಲಲ್ಲಿ ಚೆನ್ನಾಗೇ ಓಡಾಡ್ತಾರೆ. ಇದಕ್ಕೂ ವ್ಯಾಯಾಮನಾ?

ಉತ್ತರ:

ವ್ಯಾಯಾಮಕ್ಕಿಂತ ಮುಂಚೆ ನಿಮ್ಮ ತಂದೆಯವರ ಬಿಪಿಯನ್ನು ಎರಡು ಸಲ ನೋಡಿಸಿ. ಐದು ನಿಮಿಷ ಮಲಗಿಸಿ ಒಮ್ಮೆ, ನಿಂತ ಮೇಲೆ ಮೂರು ನಿಮಿಷದೊಳಗೆ ಮತ್ತೊಮ್ಮೆ. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ, ಎದ್ದ ಕೂಡಲೇ ತಲೆಗೆ ರಕ್ತ ಸಾಲುತ್ತಿಲ್ಲ ಅಂತ. ಶುಗರ್ ಇರುವವರಲ್ಲಿ ಇದು ಹೆಚ್ಚು. ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ, ನಿದ್ದೆ ಮಾತ್ರೆ, ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ನೀವೇ ಯಾವುದನ್ನೂ ನಿಲ್ಲಿಸಬೇಡಿ.

ಅಲ್ಲಿಯವರೆಗೆ ರಾತ್ರಿ ಎಚ್ಚರವಾದಾಗ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಒಂದು ನಿಮಿಷ ಕೂರಲಿ, ಪಾದವನ್ನು ಮೇಲೆ ಕೆಳಗೆ ಇಪ್ಪತ್ತು ಸಲ ಆಡಿಸಲಿ. ಎದ್ದು ಮಂಚ ಹಿಡಿದುಕೊಂಡು ಸ್ವಲ್ಪ ನಿಲ್ಲಲಿ, ಆಮೇಲೆ ಹೆಜ್ಜೆ. ಮಂಚದ ಪಕ್ಕ ಮೂತ್ರದ ಪಾಟ್ ಇಟ್ಟರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಪಾದ ಜೋಮು ಇದೆಯಾ ನೋಡಿ. ಹವಾಯಿ ಚಪ್ಪಲಿ ಕಾಲಿಂದ ಜಾರಿದ್ದೇ ಗೊತ್ತಾಗುವುದಿಲ್ಲ ಅನ್ನುವುದಾದರೆ ಪಾದದ ಸ್ಪರ್ಶ ಹೋಗಿದೆ. ಹಿಂದೆ ಪಟ್ಟಿ ಇರುವ ಚಪ್ಪಲಿ ಕೊಡಿಸಿ, ರಾತ್ರಿ ಲೈಟ್ ಇಲ್ಲದೆ ಓಡಾಡುವುದು ಬೇಡ. ಪಾದ ಹೇಳದಿದ್ದನ್ನು ಕಣ್ಣೇ ನೋಡಿಕೊಳ್ಳಬೇಕು.

ಕೊಪ್ಪದ ಸದಸ್ಯೆ:

ನಮ್ಮಲ್ಲಿ ಆಪರೇಷನ್ ಆದ ಕಾಲಿಗೆ ಎಣ್ಣೆ ಕಾಯಿಸಿ ತಿಕ್ಕಿಸ್ತಾರೆ. ಒಳ್ಳೇದಾ?

ಉತ್ತರ:

ಮೊದಲ ತಿಂಗಳುಗಳಲ್ಲಿ ಮೀನಖಂಡವನ್ನು ಒತ್ತಿ ತಿಕ್ಕಿಸಲೇಬೇಡಿ. ಅಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಒಂದೇ ಕಾಲು ಊದಿ, ಬಿಸಿಯಾಗಿ, ನೋವಿದ್ದರೆ ಅದೇ ದಿನ ಆಸ್ಪತ್ರೆಗೆ.

ಚಿಕ್ಕಮಗಳೂರಿನ ಸದಸ್ಯರು:

ಮೇಡಂ, ಬೇಜಾರ್ ಮಾಡ್ಕೋಬೇಡಿ. ಎಂಬತ್ತು ದಾಟಿದವರಿಗೆ ಏನು ಮಾಡಿಸಿದ್ರೂ ಶಕ್ತಿ ಬರುತ್ತಾ? ನಮ್ಮ ಅಜ್ಜಿನ ಸುಮ್ನೆ ಆರಾಮಾಗಿ ಇರೋಕೆ ಬಿಟ್ಟಿದೀವಿ.

ಉತ್ತರ:

ಬರುತ್ತದೆ. 1990ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಒಂದು ಅಧ್ಯಯನ ಪ್ರಕಟವಾಯಿತು. ಆರೈಕೆ ಕೇಂದ್ರದಲ್ಲಿದ್ದ, 90ರ ಆಸುಪಾಸಿನ ಹತ್ತು ಜನರಿಗೆ 8 ವಾರ ತೂಕ ಹಾಕಿ ತೊಡೆಯ ವ್ಯಾಯಾಮ ಮಾಡಿಸಿದರು. ಪೂರೈಸಿದವರ ತೊಡೆಯ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಮನೆಯಲ್ಲೇ ಮಾಡುವ ಕ್ರಮ ರೂಪಿಸಿದ್ದಾರೆ, ವಾರಕ್ಕೆ ಮೂರು ದಿನ ಕಾಲಿನ ಬಲಕ್ಕೆ ಮತ್ತು ಸಮತೋಲನಕ್ಕೆ, ಜೊತೆಗೆ ನಡಿಗೆ. ಅದನ್ನು ಮಾಡಿದವರಲ್ಲಿ ಬೀಳುವುದು ಸುಮಾರು ಶೇ. 35 ಕಡಿಮೆಯಾಯಿತು, ಹೆಚ್ಚು ಪ್ರಯೋಜನ ಆಗಿದ್ದು 80 ದಾಟಿದವರಿಗೇ. ನಾನು ಮೇಲೆ ಬರೆದ ಕಟ್ಟೆ ಹಿಡಿದು ಮಾಡುವ ವ್ಯಾಯಾಮಗಳೂ ಅದೇ ಬಗೆಯವು.

ಅಜ್ಜಿ ಆರಾಮಾಗಿರಲಿ ಅನ್ನುವ ನಿಮ್ಮ ಆಸೆ ದೊಡ್ಡದು ಸರ್. ಆದರೆ ಅವರಿಗೆ ತಾವೇ ಎದ್ದು ಬಚ್ಚಲಿಗೆ ಹೋಗಿ ಬರುವುದಕ್ಕಿಂತ ದೊಡ್ಡ ಆರಾಮ ಇಲ್ಲ. ಕುರ್ಚಿಯಿಂದ ಕೈ ಊರದೆ ಎಷ್ಟು ಸಲ ಏಳುತ್ತಾರೆ ಅಂತ 30 ಸೆಕೆಂಡ್ ಎಣಿಸಿ ನೋಡಿ. 80ರಿಂದ 84ರ ಹೆಂಗಸರಿಗೆ ಒಂಬತ್ತಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ.

ಮೂಡಿಗೆರೆ ಕಡೆಯ ಸದಸ್ಯೆ:

ಕೊನೇದೊಂದು ಮೇಡಂ. ನಾವು ತೋಟಕ್ಕೆ ಹೋದಾಗ ಅತ್ತೆ ಒಬ್ಬರೇ ಇದ್ದು ಬಿದ್ದುಬಿಟ್ರೆ?

ಉತ್ತರ:

ಫೋನನ್ನು ಸಣ್ಣ ಚೀಲದಲ್ಲಿ ಹಾಕಿ ಕುತ್ತಿಗೆಗೆ ತೂಗುಹಾಕಿ. ಒಂದು ಗುಂಡಿ ಒತ್ತಿದರೆ ನಿಮಗೆ ಬರುವ ಹಾಗೆ ನಂಬರ್ ಹಾಕಿಡಿ. ಮನೆಯೊಳಗೆ ನೆಟ್‌ವರ್ಕ್ ಸಿಗದಿದ್ದರೆ ಜೋರಾಗಿ ಊದುವ ಸೀಟಿ ಕೊಡಿ.

ಬಿದ್ದ ತಕ್ಷಣ ಏಳಬಾರದು. ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ, ಆ ಕಾಲು ಅಲುಗಿಸಲು ಆಗದಿದ್ದರೆ, ಅಥವಾ ತಲೆಗೆ ಪೆಟ್ಟಾಗಿದ್ದರೆ ಎತ್ತಬೇಡಿ, ಕಂಬಳಿ ಹೊದಿಸಿ 108ಕ್ಕೆ ಫೋನ್ ಮಾಡಿ. ಏನೂ ಆಗಿಲ್ಲ ಅಂತ ಖಾತ್ರಿಯಾದರೆ ಮಗ್ಗುಲಿಗೆ ಹೊರಳಿ, ಅಂಬೆಗಾಲಿಗೆ ಬಂದು, ಹತ್ತಿರದ ಕುರ್ಚಿ ತನಕ ಹೋಗಲಿ. ಎರಡೂ ಕೈ ಕುರ್ಚಿಯ ಮೇಲೆ ಊರಿ, ಎಡಗಾಲಿನ, ಅಂದರೆ ಒಳ್ಳೆಯ ಕಾಲಿನ ಪಾದವನ್ನು ಮುಂದೆ ಇಟ್ಟು ಎದ್ದು, ತಿರುಗಿ ಕೂರಲಿ. ಇದನ್ನು ಈಗಲೇ ಅಭ್ಯಾಸ ಮಾಡಿಸಬೇಡಿ. ಕಾಲಿಗೆ ಬಲ ಬಂದ ಮೇಲೆ ಡಾಕ್ಟರನ್ನು ಕೇಳಿ, ಹಾಸಿಗೆ ಹಾಸಿ, ಮೊದಲ ಸಲ ಫಿಸಿಯೊ ಎದುರಿಗೇ ಮಾಡಿಸಿ. ತಿಂಗಳಿಗೊಮ್ಮೆಯಾದರೂ ಕರೆದುಕೊಂಡು ಬಂದರೆ ಸಾಕು, ಉಳಿದದ್ದು ಮನೆಯಲ್ಲಿ ಆಗುತ್ತದೆ.

ಎರಡು ವಾರ ಬಿಟ್ಟು ಹೀಗೆ ಮಾಡಿ. ಕುರ್ಚಿಯಿಂದ ಮೂರು ಮೀಟರ್ ದೂರಕ್ಕೆ ನೆಲದ ಮೇಲೆ ಗೆರೆ ಹಾಕಿ. ಅತ್ತೆಯವರು ವಾಕರ್ ಹಿಡಿದೇ ಎದ್ದು, ಗೆರೆ ತನಕ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್ ಆಯಿತು ಅಂತ ಮೊಬೈಲಲ್ಲಿ ನೋಡಿ. ನೀವು ಪಕ್ಕದಲ್ಲೇ ಇರಿ, ಅವಸರ ಮಾಡಿಸಬೇಡಿ. 12 ಸೆಕೆಂಡ್ ದಾಟಿದರೆ ಅಪಾಯ ಅನ್ನುತ್ತಾರೆ, ಅವರಿಗೆ ಈಗ ಅದಕ್ಕಿಂತ ಎಷ್ಟೋ ಹೆಚ್ಚು ಬರುತ್ತದೆ, ಗಾಬರಿ ಬೇಡ. ಆ ಅಂಕಿ, ಕೈ ಒತ್ತದೆ ಎಷ್ಟು ಸಲ ಏಳುತ್ತಾರೆ, ಮತ್ತು ತಿರುಗುವಾಗ ಯಾವ ಕಡೆಗೆ ವಾಲುತ್ತಾರೆ, ಈ ಮೂರನ್ನು ಇಲ್ಲೇ ಬರೆದು ಹಾಕಿ. ಅದನ್ನು ನೋಡಿ ವಾಕರ್ ಬಿಟ್ಟು ಕೋಲಿಗೆ ಬರುವುದು ಯಾವಾಗ ಅಂತ ಹೇಳುತ್ತೇನೆ.